ಉಪ್ಪು ಹಾಕದ ಮಂಜುಗಡ್ಡೆ

ಡಾಕ್ಟರಮ್ಮ ಸೂಜಿ ತೆಗೆದು ಹತ್ತಿ ಒತ್ತಿ ಪಟ್ಟಿ ಅಂಟಿಸಿದ ಮೇಲೂ ತಂಗಿ ಮೇಜಿನ ಮೇಲಿನ ದಿಂಬನ್ನು ಅಪ್ಪಿಕೊಂಡೇ ಕುಳಿತಿದ್ದಳು. ಬೆನ್ನು ಬಾಗಿಸಿ, ಗಲ್ಲವನ್ನು ದಿಂಬಿಗೆ ಊರಿ, ಕಣ್ಣು ಮಾತ್ರ ಓರೆಯಾಗಿ ಅಣ್ಣನ ಕಡೆಗೆ. ಅವಳ ಬೆನ್ನಿನಿಂದ ತೆಗೆದ ನೀರು ಗಾಜಿನ ಸೀಸೆಯಲ್ಲಿ ಕಿಟಕಿಯ ಬೆಳಕಿಗೆ ಹೊಳೆಯುತ್ತಿತ್ತು. ಒಣಹುಲ್ಲು ನೆನೆಸಿಟ್ಟ ನೀರಿನ ಬಣ್ಣ.

"ಇಷ್ಟೂ ನನ್ನೊಳಗಿತ್ತಾ?" ಎಂದಳು ಏದುಸಿರಿನಲ್ಲೇ. "ನಲ್ಲಿ ಮುಂದೆ ಸಾಲು ನಿಲ್ಲೋ ಬದಲು ಅಣ್ಣ ನನ್ನ ಬೆನ್ನಿಗೇ ಕೊಡ ಹಿಡೀಬಹುದಿತ್ತು."

"ಸುಮ್ನಿರೇ," ಎಂದ ಅಣ್ಣ.

ಬೀದಿಯವರೆಲ್ಲ ಅವನನ್ನು ಐಸಣ್ಣ ಎಂದು ಕರೆಯುತ್ತಿದ್ದರು. ಮೀಸೆ ಕಪ್ಪಗಿದ್ದಾಗ ಮಂಜುಗಡ್ಡೆ ಕಾರ್ಖಾನೆ ಸೇರಿದವನು, ಅದು ಪೂರ್ತಿ ಬೆಳ್ಳಗಾದರೂ ಅಲ್ಲೇ ಇದ್ದ. ತಂಗಿ ದರ್ಜಿಯ ಅಂಗಡಿಗೆ ಕಾಜಾ ಹಾಕಿ ಗುಂಡಿ ಹೊಲಿದುಕೊಡುವವಳು. ಅಂಗಿಯ ತೂತಿನ ಅಂಚಿಗೆ ಅವಳು ಸುತ್ತಿದ ದಾರ ಅಂಗಿ ಹರಿದರೂ ಬಿಚ್ಚುತ್ತಿರಲಿಲ್ಲ. ಅಣ್ಣನಿಗೆ ಮದುವೆಯಿಲ್ಲ, ತಂಗಿಗೂ ಇಲ್ಲ. ಒಂದೇ ಸೂರಿನಡಿ ಜಗಳವಾಡಿಕೊಂಡು ಇಬ್ಬರೂ ಮುದುಕರಾಗಿದ್ದರು. ಈಚೆಗೆ ಆ ಜಗಳವೂ ಕಡಿಮೆಯಾಗಿತ್ತು. ಎರಡು ಮಾತಾಡುವಷ್ಟರಲ್ಲಿ ತಂಗಿಗೆ ಉಸಿರು ಸಾಲುತ್ತಿರಲಿಲ್ಲ.

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. "ಶ್ವಾಸಕೋಶದ ಸುತ್ತ ಹೀಗೆ ನೀರು ತುಂಬೋಕೆ ಕಾರಣ ಹತ್ತಾರು. ನಿಮಗೆ ಎರಡರಲ್ಲಿ ಒಂದಿರಬಹುದು ಅಂತ ನನ್ನ ಅಂದಾಜು. ಒಂದು ಕ್ಷಯ. ಇನ್ನೊಂದು..."

"ಹೇಳಿ ಡಾಕ್ಟರಮ್ಮ. ಬೆನ್ನಿಗೆ ಚುಚ್ಚಿಸಿಕೊಂಡೋಳು ಕಿವಿಗೆ ಬೀಳೋದಕ್ಕೆ ಹೆದರ್ತೀನಾ?"

"ಇನ್ನೊಂದು ಕ್ಯಾನ್ಸರು."

ಐಸಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ.

"ಎರಡರಲ್ಲಿ ಯಾವುದು ವಾಸಿ?" ಎಂದು ಕೇಳಿದವಳು ತಂಗಿಯೇ.

"ಕ್ಷಯಕ್ಕೆ ಮಾತ್ರೆ ಇದೆಯಮ್ಮ. ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ನುಂಗಿದೋರು ಎದ್ದು ಓಡಾಡ್ತಾರೆ."

"ಹಾಗಾದ್ರೆ ಅದನ್ನೇ ಕೊಡಿ," ಎಂದಳು ತಂಗಿ, ಅಂಗಡಿಯಲ್ಲಿ ದಾರದ ಉಂಡೆ ಆರಿಸುವವಳ ಹಾಗೆ.

ಡಾಕ್ಟರಮ್ಮನಿಗೂ ಸಣ್ಣ ನಗು ಬಂತು. ಆಮೇಲೆ ಬಿಡಿಸಿ ಹೇಳಿದರು. ಕ್ಷಯದ ಕ್ರಿಮಿ ಈ ನೀರಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಬೆಳೆಸಿ ನೋಡಲು ವಾರಗಟ್ಟಲೆ ಬೇಕು. ಅದಕ್ಕೆ ಇನ್ನೊಂದು ದಾರಿಯಿದೆ. ಕ್ಷಯ ಹೊಕ್ಕ ಜಾಗಕ್ಕೆ ಮೈಯ ಕಾವಲು ಕಣಗಳು ಗುಂಪುಗೂಡಿ ಬರುತ್ತವೆ. ಬಂದವು ಅಲ್ಲಿ ಒಂದು ಕಿಣ್ವ ಬಿಡುತ್ತವೆ. ಎ.ಡಿ.ಎ. ಎಂದು ಅದರ ಹೆಸರು. ಅದು ನೀರಿನಲ್ಲಿ ಎಷ್ಟಿದೆಯೆಂದು ಅಳೆಯುತ್ತಾರೆ.

"ಕಿಣ್ವ ಅಂದ್ರೆ?" ಎಂದ ಐಸಣ್ಣ.

"ಅನ್ನ ಜಗೀತಾ ಹೋದ್ರೆ ಬಾಯಲ್ಲೇ ಸಿಹಿ ಆಗುತ್ತಲ್ಲ? ಜೊಲ್ಲಿನಲ್ಲಿರೋ ಕಿಣ್ವದ ಕೆಲಸ ಅದು. ಅಂಥಾದ್ದೇ ಬೇರೆ ಒಂದು. ಅಳತೆ ಒಂದು ಗೆರೆಗಿಂತ ಮೇಲಿದ್ರೆ ಕ್ಷಯದ ಕಡೆ ಬೆರಳು ತೋರಿಸುತ್ತೆ. ಕೆಳಗಿದ್ರೆ ಬೇರೆ ಕಡೆ ಹುಡುಕಬೇಕು. ಅದೊಂದನ್ನೇ ನಂಬಿ ಕೂರಲ್ಲ, ಆದ್ರೆ ನಿಮ್ಮ ವಿಷಯದಲ್ಲಿ ಅದು ತುಂಬಾ ಮುಖ್ಯ."

ಆ ಪರೀಕ್ಷೆ ಅಲ್ಲಿ ಆಗುತ್ತಿರಲಿಲ್ಲ. ಊರಿನ ಆ ತುದಿಯ ದೊಡ್ಡ ಲ್ಯಾಬಿಗೆ ಕಳಿಸಬೇಕು. ಸೀಸೆ ಒಯ್ಯುವ ವ್ಯಾನು ಆಗಲೇ ಹೊರಟುಹೋಗಿತ್ತು.

"ನಾನೇ ತಗೊಂಡು ಹೋಗ್ತೀನಿ," ಎಂದ ಐಸಣ್ಣ.

"ದಾರಿಯುದ್ದಕ್ಕೂ ತಣ್ಣಗಿರಬೇಕು. ಬೆಚ್ಚಗಾದ್ರೆ ಕೆಡುತ್ತೆ. ಮಂಜುಗಡ್ಡೆ ಎಲ್ಲಾದ್ರೂ ಸಿಗುತ್ತಾ?"

ತಂಗಿ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಹೇಳಿದಳು: "ಯಾರಿಗೆ ಹೇಳ್ತಾ ಇದ್ದೀರಿ ಡಾಕ್ಟರಮ್ಮ? ಇವನ ಕೈ ಮುಟ್ಟಿದ್ರೆ ಬೇಸಿಗೇಲೂ ನೆಗಡಿ ಆಗುತ್ತೆ."

ತಂಗಿಯನ್ನು ಮನೆಯಲ್ಲಿ ಬಿಟ್ಟು ಐಸಣ್ಣ ಸೀದಾ ಕಾರ್ಖಾನೆಗೆ ಹೋದ. ಅಲ್ಲಿ ನೆಲದ ಮಟ್ಟಕ್ಕೆ ಮುಚ್ಚಿದ ದೊಡ್ಡ ತೊಟ್ಟಿ, ಅದರ ತುಂಬ ಉಪ್ಪುನೀರು. ನೀರು ತುಂಬಿದ ತಗಡಿನ ಅಚ್ಚುಗಳನ್ನು ಆ ಉಪ್ಪುನೀರಿನಲ್ಲಿ ಸಾಲಾಗಿ ಇಳಿಬಿಟ್ಟಿರುತ್ತಾರೆ. ಉಪ್ಪುನೀರು ಮಂಜಿಗಿಂತ ತಣ್ಣಗಾದರೂ ತಾನು ಗಟ್ಟಿಯಾಗುವುದಿಲ್ಲ, ಅಚ್ಚಿನೊಳಗಿನ ಸಿಹಿನೀರನ್ನು ಕಲ್ಲು ಮಾಡುತ್ತದೆ. ಆ ಕಸುಬಿನ ಮರ್ಮವೆಲ್ಲ ಉಪ್ಪಿನಲ್ಲಿದೆ. ಅದು ಐಸಣ್ಣನ ಮೈಗೇ ಅಂಟಿದ ತಿಳಿವಳಿಕೆ. ಹತ್ತಿರದ ಸರಕಿಗೆ ಬರೀ ಮಂಜುಗಡ್ಡೆ ಪುಡಿ, ದೂರ ಹೋಗುವ ಸರಕಿಗೆ ತಣುಪು ಹೆಚ್ಚಲೆಂದು ಪುಡಿಯ ಜೊತೆ ಕಲ್ಲುಪ್ಪು. ಮೀನಿನವರು ಅವನೇ ತುಂಬಿಕೊಡಲಿ ಎಂದು ಕಾದು ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ.

ತಗಡಿನ ಪೆಟ್ಟಿಗೆ ತೆಗೆದುಕೊಂಡು ತಳಕ್ಕೆ ಮರದ ಹೊಟ್ಟು ಹಾಸಿದ. ಗಡ್ಡೆಯೊಂದನ್ನು ಸುತ್ತಿಗೆಯಿಂದ ನುಣ್ಣಗೆ ಪುಡಿಮಾಡಿದ. ಉಪ್ಪಿನ ಚೀಲಕ್ಕೆ ಕೈ ಹಾಕಿದವನು ಒಂದು ಹಿಡಿ ತೆಗೆದು, ಒಂದು ಗಳಿಗೆ ನಿಂತು, ಇನ್ನೊಂದು ಹಿಡಿಯನ್ನೂ ತೆಗೆದು ಪುಡಿಗೆ ಬೆರೆಸಿ, ಅದರ ನಡುವೆ ಸೀಸೆಯನ್ನು ಹೂತ.

ಕೊಕ್ಕೆ ಹಿಡಿದು ಗಡ್ಡೆ ಎಳೆಯುತ್ತಿದ್ದವನು ಅಲ್ಲಿಂದಲೇ ಕೂಗಿದ: "ಏನಣ್ಣಾ, ಅಷ್ಟೊಂದು ಉಪ್ಪು? ಯಾವ ಊರಿಗೆ ಹೊರಟಿದೆ ಮೀನು?"

"ಮೀನಲ್ಲ ಕಣೋ. ನನ್ನ ತಂಗಿ," ಎಂದ ಐಸಣ್ಣ.

ಕೊಕ್ಕೆಯವನು ಕೊಕ್ಕೆ ಕೆಳಗಿಟ್ಟು ಬಂದು ಪೆಟ್ಟಿಗೆಯ ಮುಚ್ಚಳ ಒತ್ತಿ ಹಿಡಿದುಕೊಂಡ. ಐಸಣ್ಣ ಹಗ್ಗ ಬಿಗಿದ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದು ಕುಳಿತ. ಪಕ್ಕದವನ ಮೊಣಕೈ ತಗುಲಿದರೂ ಜರುಗಿಕೊಂಡ. ತೊಡೆ ಮರಗಟ್ಟಿತು, ಅಂಗಿಯ ಹೊಟ್ಟೆಯ ಭಾಗ ಒದ್ದೆಯಾಯಿತು, ಅವನಿಗೆ ಅದೇ ಸಮಾಧಾನ. ಲ್ಯಾಬಿನ ಮೆಟ್ಟಿಲ ಹತ್ತಿರ ಕುಳಿತು ಹಗ್ಗ ಬಿಚ್ಚಿ ಸೀಸೆ ಎತ್ತಿ ನೋಡಿದರೆ ಒಳಗಿನ ನೀರು ಅಲುಗಲಿಲ್ಲ. ತಲೆಕೆಳಗು ಮಾಡಿದರೂ ಅಲುಗಲಿಲ್ಲ. ಹಳದಿ ಕಲ್ಲಾಗಿತ್ತು.

ಅವನಿಗೆ ಗಾಬರಿಯೇನೂ ಆಗಲಿಲ್ಲ. ಹೆಮ್ಮೆಯೇ ಆಯಿತು. ಇಷ್ಟು ದೂರ ಬಂದು, ಇಂಥ ಬಿಸಿಲಿನಲ್ಲಿ, ಕಲ್ಲಿನ ಹಾಗಿದೆ! ಆದರೆ ಕಲ್ಲಾದದ್ದನ್ನು ಒಳಗಿನವರು ಬಗ್ಗಿಸಿಕೊಳ್ಳುವುದು ಹೇಗೆ? ಅವರಿಗೆ ತೊಂದರೆ ಬೇಡವೆಂದು ಸೀಸೆಯನ್ನು ಅಂಗೈಗಳ ನಡುವೆ ಉಜ್ಜಿದ, ಕಂಕುಳಲ್ಲಿ ಇಟ್ಟುಕೊಂಡ. ಕರಗಿ ನೀರಾದ ಮೇಲೆ ಮತ್ತೆ ಮಂಜಿನ ಪುಡಿಯಲ್ಲಿ ಒಂದಿಷ್ಟು ಹೊತ್ತು ಅದ್ದಿ, ಒರೆಸಿ, ಕಿಟಕಿಯೊಳಗೆ ಕೊಟ್ಟ.

ಕಿಟಕಿಯಾಚೆ ದಪ್ಪ ಕನ್ನಡಕದ ಹೆಂಗಸು. ಸೀಸೆಯನ್ನು ಮುಟ್ಟಿ ನೋಡಿ, "ತಣ್ಣಗೇ ತಂದಿದ್ದೀರಿ," ಎಂದಳು.

"ಇದಕ್ಕಿಂತ ತಣ್ಣಗೆ ಈ ಊರಲ್ಲಿ ಯಾರೂ ತರಲಾರರು ಕಣಮ್ಮ."

"ನಾಳೆ ಬನ್ನಿ."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಖಾಲಿ ಪೆಟ್ಟಿಗೆಯನ್ನು ಕಾಲಬಳಿ ಇಟ್ಟುಕೊಂಡು ಕುಳಿತವನಿಗೆ ಯಾಕೋ ಅವ್ವನ ಕೋಣೆ ಕಣ್ಣ ಮುಂದೆ ಬಂತು. ಹಿತ್ತಲ ಕಡೆಯ ಕೋಣೆ, ಓಣಿಯತ್ತ ತೆರೆಯುವ ಒಂದು ಕಿಟಕಿ. ಅವ್ವನಿಗೆ ಬಂದದ್ದು ಕ್ಷಯವೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆ ಕಾಯಿಲೆ ಎನ್ನುತ್ತಿದ್ದರು. ಅವಳ ಲೋಟದ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದರು, ಬೇರೆಯವರ ಲೋಟದೊಡನೆ ಕಲೆಯಬಾರದೆಂದು. ಊಟದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುವುದು ಅವನ ಕೆಲಸ. ತಂಗಿ ತೀರ ಚಿಕ್ಕವಳು, ಅವಳನ್ನು ಚಿಕ್ಕಮ್ಮನ ಮನೆಗೆ ಸಾಗಿಸಿದ್ದರು.

ಸಂಜೆಯ ಹೊತ್ತು ಚಿಕ್ಕಮ್ಮ ಮಗುವನ್ನು ಓಣಿಗೆ ಕರೆತಂದು, ಕಿಟಕಿಯ ಎದುರಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದಳು. ಆಗ ತಂಗಿಯ ಮುಂದಿನ ಹಲ್ಲು ಬಿದ್ದಿದ್ದ ಕಾಲ. "ಬಾಯಿ ತೆಗಿ ಪುಟ್ಟಿ, ಹಲ್ಲು ಬಂತಾ ನೋಡೋಣ," ಎನ್ನುತ್ತಿದ್ದಳು ಅವ್ವ ಕಂಬಿ ಹಿಡಿದು. ಮಗು ತಲೆಯನ್ನು ಹಿಂದಕ್ಕೆ ಚೆಲ್ಲಿ ಆಕಾಶದತ್ತ ಬಾಯಿ ಅಗಲಿಸುತ್ತಿತ್ತು. ಅಷ್ಟು ದೂರದಿಂದ ಹಲ್ಲು ಎಲ್ಲಿ ಕಾಣಬೇಕು? ಆದರೂ ಅವ್ವ ಬಹಳ ಹೊತ್ತು ನೋಡುತ್ತಿದ್ದಳು. "ಬರ್ತಾ ಇದೆ, ಬರ್ತಾ ಇದೆ," ಎನ್ನುತ್ತಿದ್ದಳು. ಒಂದು ಸಂಜೆ ಕಿಟಕಿ ತೆರೆಯಲಿಲ್ಲ. ಮಗು ಕಲ್ಲಿನ ಮೇಲೆ ಬಾಯಿ ತೆರೆದುಕೊಂಡೇ ನಿಂತಿತ್ತು.

ಆಮೇಲಿನದೆಲ್ಲ ಅದರ ಬಾಲ. ಆ ಮನೆಯ ಹುಡುಗಿ ಎಂದು ಒಬ್ಬ ಗಂಡೂ ಹೊಸ್ತಿಲು ತುಳಿಯಲಿಲ್ಲ. ತಂಗಿಗೆ ಆಗದೆ ತನಗೇನು ಎಂದು ಅಣ್ಣನೂ ಉಳಿದ. ತಾಯಿಯನ್ನು ತಿಂದದ್ದು ಸಾಲದೆ ಇಬ್ಬರ ಬಾಳನ್ನೂ ಕಚ್ಚಿ ಬಿಟ್ಟಿದ್ದ ಕಾಯಿಲೆ ಅದು. ಈಗ ನೋಡಿದರೆ, ಬಸ್ಸಿನ ಸರಳಿಗೆ ಹಣೆಯಾನಿಸಿ ಅವನು ಬೇಡಿಕೊಳ್ಳುತ್ತಿದ್ದದ್ದು ಅದನ್ನೇ. ನೀನೇ ಬಾ. ನಮ್ಮ ಮನೆ ನಿನಗೆ ಗೊತ್ತಲ್ಲ, ಇನ್ನೊಂದು ಸಲ ಬಾ. ಅದು ಮಾತ್ರ ಬೇಡ.

ಮಾರನೆಯ ದಿನ ಕನ್ನಡಕದ ಹೆಂಗಸು ವರದಿಯ ಹಾಳೆ ಚಾಚಿದಳು. "ಜಾಸ್ತಿ ಇದೆ. ಗೆರೆಗಿಂತ ಸಾಕಷ್ಟು ಮೇಲೆ."

"ಅಂದ್ರೆ ಕ್ಷಯ?"

"ಅದು ನಿಮ್ಮ ಡಾಕ್ಟರು ಹೇಳಬೇಕು. ಆದ್ರೆ ಕೈ ತೋರಿಸ್ತಾ ಇರೋದು ಆ ಕಡೆಗೇ."

ಐಸಣ್ಣ ಪಕ್ಕಕ್ಕೆ ಸರಿದು ಹಾಳೆಯನ್ನು ಮಡಿಸಿ, ಜೇಬು ಒದ್ದೆಯಿಲ್ಲವಷ್ಟೇ ಎಂದು ಮುಟ್ಟಿ ನೋಡಿಕೊಂಡು ಒಳಗಿಟ್ಟ. ಅಷ್ಟರಲ್ಲಿ ಅವನ ಹಿಂದೆ ಸೊಂಟದ ಮೇಲೆ ಮಗು ಎತ್ತಿಕೊಂಡು ನಿಂತಿದ್ದ ಹೆಂಗಸು ಒಂದು ಸೀಸೆಯನ್ನು ಕಿಟಕಿಯೊಳಗೆ ಇಟ್ಟಳು. ಲ್ಯಾಬಿನವಳು ಅದನ್ನು ಎತ್ತಿ ಹಿಡಿದವಳೇ ಗದರಿದಳು.

"ಇದು ಹೆಪ್ಪುಗಟ್ಟಿತ್ತಾ? ಕುತ್ತಿಗೆ ಹತ್ರ ಇನ್ನೂ ಹರಳಿದೆ ನೋಡಿ."

"ತಣ್ಣಗಿಡಿ ಅಂದ್ರು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಿದ್ದೆ."

"ತಣ್ಣಗಿಡಿ ಅಂದ್ರೆ ಕಲ್ಲು ಮಾಡಿ ಅಂತಲ್ಲಮ್ಮ! ಹೆಪ್ಪುಗಟ್ಟಿದ್ರೆ ಇದರಲ್ಲಿರೋ ಕಣಗಳು ಒಡೆದುಹೋಗ್ತವೆ. ಅವುಗಳ ಹೊಟ್ಟೇಲಿರೋದೆಲ್ಲ ನೀರಿಗೆ ಬಂದುಬಿಡುತ್ತೆ. ಆಮೇಲೆ ಅಳೆದ್ರೆ ಇಲ್ಲದ್ದನ್ನ ಇದೆ ಅನ್ನಬಹುದು. ಯಾರು ನಂಬ್ತಾರೆ? ಹೋಗಿ, ಹೊಸದಾಗಿ ತೆಗೆಸಿಕೊಂಡು ಬನ್ನಿ."

ಐಸಣ್ಣನಿಗೆ ಇನ್ನೊಂದು ಸಲ ಹೇಳಬೇಕಾಗಿರಲಿಲ್ಲ. ನೀರು ಗಟ್ಟಿಯಾಗುವಾಗ ಉಬ್ಬುತ್ತದೆ, ಅಚ್ಚು ತುಳುಕುವಷ್ಟು ತುಂಬಿದರೆ ತಗಡೇ ಬಿರಿಯುತ್ತದೆ. ಬಿರಿದ ಎಷ್ಟೋ ಅಚ್ಚುಗಳಿಗೆ ಅವನೇ ಬೆಸುಗೆ ಹಾಕಿಸಿದ್ದ. ತಗಡೇ ತಡೆಯದು ಎಂದಮೇಲೆ ಕಣ್ಣಿಗೆ ಕಾಣದ ಕಣ ತಡೆದೀತೆ?

ಕಿಟಕಿಗೆ ವಾಪಸು ಹೋಗಿ ಬಾಯಿ ತೆರೆಯಬೇಕೆಂದುಕೊಂಡ. ಕಾಲು ಬಾಗಿಲ ಕಡೆಗೆ ನಡೆಯಿತು.

ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ಗೋಡೆಗೊರಗಿ ಕುಳಿತಿದ್ದಳು. ಜೊತೆಗೆ ದರ್ಜಿ, ಕಾಜಾ ಆಗಬೇಕಾದ ಅಂಗಿಗಳ ಗಂಟು ಹಿಡಿದು ನಿಂತಿದ್ದ. ಅವಳು ಅಣ್ಣನ ಮುಖ ನೋಡಲಿಲ್ಲ, ಜೇಬು ನೋಡಿದಳು. ತಾನೇ ಕೈ ಚಾಚಿ ಹಾಳೆ ಕಿತ್ತುಕೊಂಡು ಅಂಕಿಯ ಮೇಲೆ ಬೆರಳಿಟ್ಟಳು, ಪಕ್ಕದ ಗೆರೆಯ ಅಂಕಿಯ ಮೇಲೆ ಇನ್ನೊಂದು ಬೆರಳು.

"ಮೇಲಿದೆ! ಕ್ಷಯ ಕಣಣ್ಣಾ, ಕ್ಷಯ!"

"ಇದೇನವ್ವ, ಲಗ್ನ ಗೊತ್ತಾದೋಳ ಹಾಗೆ ಕೂಗ್ತೀಯಾ," ಎಂದ ದರ್ಜಿ ಬೆಚ್ಚಿ.

"ಇದೇ ನನ್ನ ಲಗ್ನ ಅಂದ್ಕೋ. ಇಡು ಅಂಗಿಗಳನ್ನ. ಆತುರ ಮಾಡಬೇಡ, ನಿಧಾನಕ್ಕೆ ಹಾಕಿಕೊಡ್ತೀನಿ. ಇನ್ನೂ ಇರ್ತೀನಿ ನಾನು."

ದರ್ಜಿ ಹೋದ ಮೇಲೆ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತಳು. ಅತ್ತು ಮುಗಿಸಿ, ದಾರದ ಡಬ್ಬಿಯಿಂದ ಕೆಂಪು ದಾರ ತೆಗೆದು ತನ್ನ ಲೋಟದ ಕುತ್ತಿಗೆಗೆ ಸುತ್ತತೊಡಗಿದಳು.

"ಅದೆಲ್ಲಾ ಯಾಕೆ?" ಎಂದ ಐಸಣ್ಣ. "ಈ ಥರದ್ದು ಹಾಗೆಲ್ಲ ಅಂಟಲ್ಲ ಅಂದಿದ್ರಲ್ಲ ಡಾಕ್ಟರಮ್ಮ."

"ಅಂದಿದ್ರು. ಆದ್ರೂ ಇರಲಿ. ಅವ್ವನ ಲೋಟ ನೆನಪಿದೆಯಾ? ಆಗ ಈ ದಾರ ಕಂಡ್ರೆ ಹೆದರಿಕೆ ಆಗ್ತಿತ್ತು. ಈಗ ನೋಡು, ಎಷ್ಟು ಚೆನ್ನಾಗಿ ಕಾಣ್ತಾ ಇದೆ." ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಳು. "ನಾಳೆ ಹೋಗಿ ಮಾತ್ರೆ ಶುರು ಮಾಡಿಸೋಣ. ಏನಣ್ಣಾ, ಬಾಯಿಗೂ ಮಂಜುಗಡ್ಡೆ ಹಾಕಿಕೊಂಡಿದ್ದೀಯಾ?"

"ದಣಿವು," ಎಂದ.

ಊಟ ಮುಗಿಸಿ ಅವಳು ಬೇಗನೆ ಮಲಗಿದಳು. ಎಷ್ಟೋ ವಾರಗಳ ಮೇಲೆ ಒಂದೇ ಮಗ್ಗುಲಲ್ಲಿ ನಿದ್ದೆ ಹೋದಳು. ಆ ಉಸಿರಿನ ಸದ್ದು ಕೇಳುತ್ತ ಐಸಣ್ಣ ತನ್ನನ್ನು ತಾನೇ ಒಪ್ಪಿಸಲು ನೋಡಿದ. ಉಪ್ಪು ಹಾಕದಿದ್ದರೂ ಅಳತೆ ಮೇಲೇ ಇರುತ್ತಿತ್ತೋ ಏನೋ. ಕ್ಷಯವೇ ಇರಬಹುದು. ಇರಬಾರದೇಕೆ? ಮಾತ್ರೆ ನುಂಗುತ್ತ ಇರಲಿ, ಈ ನಗು ಕಿತ್ತುಕೊಂಡು ನಾನೇನು ಮಾಡಲಿ?

ಆದರೆ ಕಾರ್ಖಾನೆಯಲ್ಲಿ ಅವಸರಕ್ಕೆ ಎತ್ತಿದ ಗಡ್ಡೆಗಳು ಅವನ ಕಣ್ಣ ಮುಂದೆ ಬಂದವು. ಹೊರಗೆ ನಾಲ್ಕೂ ಮೈ ಗಟ್ಟಿ, ಬೆಳ್ಳಗೆ, ನೋಡಲು ಸೊಗಸು. ಒಳಗೆ ಮಾತ್ರ ಇನ್ನೂ ನೀರು. ಕೊಂಡವನು ಅರ್ಧ ದಾರಿ ಹೋಗುವಷ್ಟರಲ್ಲಿ ಅದು ನಡು ಮುರಿದು ಚೆಲ್ಲಿಹೋಗುತ್ತದೆ. ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಅವನಿಗೆ ಗೊತ್ತಾಗುತ್ತಿತ್ತು. ಅಂಥ ಗಡ್ಡೆಯನ್ನು ಅವನು ಯಾವ ಮೀನಿನವನಿಗೂ ಕೊಟ್ಟವನಲ್ಲ. ಈಗ ತಂಗಿಯ ತಲೆದೆಸೆಯಲ್ಲಿ ಮಡಿಸಿಟ್ಟಿದ್ದ ಆ ಹಾಳೆ ಅಂಥ ಗಡ್ಡೆ. ಅದನ್ನು ಹೊತ್ತುಕೊಂಡು ಅವಳು ದೂರ ನಡೆಯಬೇಕು.

ಬೆಳಗ್ಗೆ ಅವಳು ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು ಸಿದ್ಧವಾಗಿದ್ದಳು. ಅವನು ಚಪ್ಪಲಿ ಮೆಟ್ಟಲಿಲ್ಲ. ಹೊಸ್ತಿಲ ಮೇಲೆ ಕುಳಿತ.

"ಪುಟ್ಟಿ, ಆ ಸೀಸೆ ಹೆಪ್ಪುಗಟ್ಟಿತ್ತು."

"ಯಾವ ಸೀಸೆ?"

"ನಿನ್ನದು. ದೂರ ಅಂತ ನಾನು ಉಪ್ಪು ಹಾಕಿಬಿಟ್ಟೆ. ಕಲ್ಲಾಗಿತ್ತು. ಕೈಯಲ್ಲಿ ಕರಗಿಸಿ ಕೊಟ್ಟೆ. ಹಾಗೆ ಮಾಡಬಾರದಂತೆ. ಅಳತೆ ಸುಳ್ಳೇ ಏರುತ್ತಂತೆ. ನಿನ್ನೆ ಅಲ್ಲೇ ಗೊತ್ತಾಯ್ತು ನನಗೆ."

ಅವಳು ನಿಂತಲ್ಲೇ ನಿಂತಳು. ಬಾಚಣಿಗೆ ಇನ್ನೂ ಕೈಯಲ್ಲಿತ್ತು.

"ಅಂದ್ರೆ ಕ್ಷಯ ಅಲ್ಲ?"

"ಗೊತ್ತಿಲ್ಲ. ಹೌದೋ ಅಲ್ಲವೋ ಅದರಿಂದ ಗೊತ್ತಾಗಲ್ಲ. ಇನ್ನೊಂದು ಸಲ ತೆಗೀಬೇಕು."

"ಯಾಕೆ ಹೇಳಿದೆ ಅಣ್ಣಾ?"

"ನಿನ್ನೆಯೇ ಹೇಳಬೇಕಿತ್ತು, ನಿಜ."

"ತಡ ಮಾಡಿದ್ದಕ್ಕೆ ಕೇಳ್ತಾ ಇಲ್ಲ ನಾನು. ಹೇಳಿದ್ದು ಯಾಕೆ ಅಂತ." ಅವಳ ದನಿ ಏರಿತು, ಉಸಿರು ಸಾಲದೆ ಅಲ್ಲೇ ಮುರಿಯಿತು. ಗೋಡೆ ಹಿಡಿದುಕೊಂಡಳು. "ಒಂದು ರಾತ್ರಿ ನೆಮ್ಮದಿಯಾಗಿ ಮಲಗಿದ್ದೆ. ಒಂದೇ ಒಂದು ರಾತ್ರಿ."

"ನೋಡಿದೆ. ಎದ್ದೇ ಇದ್ದೆ."

ಅವಳು ಒಳಗೆ ಹೋದಳು. ಪಾತ್ರೆ ಎತ್ತಿ ಕುಕ್ಕಿದ ಸದ್ದಾಯಿತು. ಬಹಳ ಹೊತ್ತು ಕಳೆದು ಹೊರಬಂದಾಗ ಮುಖ ತೊಳೆದುಕೊಂಡಿದ್ದಳು.

"ನಡಿ. ಇನ್ನೊಂದು ಸೂಜಿ ತಾನೆ? ಬಟ್ಟೆಗೆ ನಾನು ಚುಚ್ಚಿದ್ದಕ್ಕೆ ಲೆಕ್ಕ ಇದೆಯಾ? ಅದು ಒಂದು ಮಾತಾದ್ರೂ ಆಡಿತ್ತಾ?" ಬಾಗಿಲು ಎಳೆದುಕೊಳ್ಳುವಾಗ ಮತ್ತೆ ಹೇಳಿದಳು: "ಮೀನಂತೆ ಕಟ್ಟಿಕೊಂಡು ಹೋದೆಯಲ್ಲೋ ನನ್ನನ್ನ, ಮುಂಡೇದೇ."

ಅಣ್ಣನನ್ನು ಅವಳು ಹಾಗೆ ಬೈದು ಬಹಳ ಕಾಲವಾಗಿತ್ತು. ಐಸಣ್ಣನಿಗೆ ಎದೆಯ ಮೇಲಿನ ಕಲ್ಲು ಅಷ್ಟು ಸರಿದಂತಾಯಿತು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು, ಬೈಯಲಿಲ್ಲ. "ತಣ್ಣಗಿರಲಿ ಅಂದೆ, ಹೆಪ್ಪುಗಟ್ಟಬಾರದು ಅಂತ ಹೇಳಲಿಲ್ಲ. ಅದು ನನ್ನ ತಪ್ಪು," ಎಂದು ಮತ್ತೆ ಸೂಜಿ ತೆಗೆದುಕೊಂಡರು. ಒಳಗೆ ಇನ್ನೂ ನೀರಿತ್ತು. ಈ ಸಲ ವ್ಯಾನಿನಲ್ಲೇ ಕಳಿಸೋಣ ಎಂದರು.

ದಿಂಬು ಅಪ್ಪಿಕೊಂಡಿದ್ದ ತಂಗಿ ತಲೆಯೆತ್ತದೆ ಹೇಳಿದಳು: "ಬೇಡ. ಅವನೇ ತಗೊಂಡು ಹೋಗ್ಲಿ."

ಕಾರ್ಖಾನೆಯಲ್ಲಿ ಅವನು ಉಪ್ಪಿನ ಚೀಲದ ಕಡೆ ನೋಡಲೂ ಇಲ್ಲ. ಅರ್ಧ ಕರಗಿದ ಮಂಜಿನ ಪುಡಿಯನ್ನು ನೀರಿನ ಸಮೇತ ಪೆಟ್ಟಿಗೆಗೆ ತುಂಬಿದ. ಸೀಸೆ ಮಂಜಿಗೆ ನೇರ ತಗುಲದಂತೆ ತನ್ನ ಹಳೆಯ ಪಂಚೆಯ ತುಂಡನ್ನು ಸುತ್ತಿದ. ಬಸ್ಸು ನಿಂತಾಗಲೆಲ್ಲ ಮುಚ್ಚಳ ಸರಿಸಿ ಸೀಸೆಯನ್ನು ಓರೆ ಮಾಡಿ ನೋಡಿದ. ನೀರು ಅಲುಗುತ್ತಿತ್ತು. ಅದು ಅಲುಗಿದಾಗಲೆಲ್ಲ ಅವನು ಉಸಿರು ಬಿಟ್ಟ.

ಕಿಟಕಿಯಲ್ಲಿ ಹಿಂದಿನದನ್ನೆಲ್ಲ ಹೇಳಿದ. ಲ್ಯಾಬಿನವಳು ಕನ್ನಡಕ ತೆಗೆದು ಅವನನ್ನು ನೋಡಿದಳು.

"ಆವತ್ತೇ ಯಾಕೆ ಹೇಳಲಿಲ್ಲ?"

"ತಪ್ಪು ಅಂತ ಗೊತ್ತಿರಲಿಲ್ಲಮ್ಮ. ಕೆಲಸ ಚೆನ್ನಾಗಿ ಮಾಡಿದ್ದೀನಿ ಅಂದ್ಕೊಂಡಿದ್ದೆ."

ಅವಳು ಬೆಂಚಿನ ಕಡೆ ಕೈ ತೋರಿಸಿದಳು. "ಕೂತಿರಿ. ಇವತ್ತೇ ಮಾಡಿಕೊಡ್ತೀನಿ."

ಮಧ್ಯಾಹ್ನ ದಾಟಿತು. ಒಳಗಿನ ಮೇಜು ಕಿಟಕಿಯಿಂದ ಕಾಣುತ್ತಿತ್ತು. ಒಮ್ಮೆ ಅವನು ಎದ್ದು ಬಂದು ಅದನ್ನು ಹೇಗೆ ಅಳೆಯುತ್ತಾರೆ ಎಂದು ಕೇಳಿದ. ಆ ಕಿಣ್ವ ಕೆಲಸ ಮಾಡುವಾಗ ಒಂದಿಷ್ಟು ಅಮೋನಿಯ ಹುಟ್ಟುತ್ತದೆ, ಅದಕ್ಕೆ ನೀಲಿ ಬಣ್ಣ ಬರುವ ಹಾಗೆ ಮಾಡುತ್ತೇವೆ, ನೀಲಿ ಗಾಢವಾದಷ್ಟೂ ಕಿಣ್ವ ಹೆಚ್ಚು ಎಂದಳು ಅವಳು.

ಅಮೋನಿಯ ಅವನಿಗೆ ಗೊತ್ತಿತ್ತು. ಕಾರ್ಖಾನೆಯ ಕೊಳವೆಗಳಲ್ಲಿ ಹರಿದು ತೊಟ್ಟಿಯನ್ನು ತಣ್ಣಗಿಡುವುದು ಅದೇ. ಎಲ್ಲಾದರೂ ಸೋರಿದರೆ ಕಣ್ಣು ಉರಿದು ನೀರು ಸುರಿಯುತ್ತದೆ. ಅಷ್ಟು ಕಾಲ ತನಗೆ ಅನ್ನ ಹಾಕಿದ ಅದೇ ವಸ್ತು ಈಗ ತಂಗಿಯ ನೀರಿನಲ್ಲಿ ಹುಟ್ಟುತ್ತದೋ ಇಲ್ಲವೋ ಎಂದು ಕಾಯುತ್ತ ಕುಳಿತ. ಹುಟ್ಟು, ಹುಟ್ಟು ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಕೊನೆಗೆ ಅವಳು ಗಾಜಿನ ಕೊಳವೆಗಳನ್ನು ಬೆಳಕಿಗೆ ಹಿಡಿದಳು. ಬೇರೆಯವರದೊಂದು ಕೊಳವೆ ಕಡುನೀಲಿ. ಅದರ ಪಕ್ಕದ್ದು ಬಿಳಿ ಬಟ್ಟೆಗೆ ನೀಲಿ ಹಾಕಿ ಎರಡು ಮೂರು ಸಲ ಜಾಲಿಸಿದ ಮೇಲೆ ಉಳಿಯುವ ನೀರಿನ ಬಣ್ಣ. ಬಣ್ಣವೋ ಅಲ್ಲವೋ ಎನ್ನುವ ಹಾಗೆ. ಯಾವುದು ತಂಗಿಯದೆಂದು ಅವನು ಕೇಳಲಿಲ್ಲ. ಲ್ಯಾಬಿನವಳು ಅವನ ಕಡೆ ನೋಡಿದ ರೀತಿಯಲ್ಲೇ ಗೊತ್ತಾಯಿತು.

"ಕಡಿಮೆ ಇದೆ," ಎಂದಳು. "ಈ ಸಲ ಸರಿಯಾಗಿ ತಂದಿದ್ದೀರಿ."

ಮುಂದಿನದು ಬೇಗ ಬೇಗ ನಡೆಯಿತು. ಎದೆಯ ಒಳಪದರದಿಂದ ಒಂದು ಚೂರು ತೆಗೆದು ನೋಡಿದರು. ಬೇಡವೆಂದು ಬೇಡಿಕೊಂಡಿದ್ದ ಹೆಸರೇ ಬಂತು. ಡಾಕ್ಟರಮ್ಮ ಬಣ್ಣ ಹಚ್ಚಿ ಏನೂ ಹೇಳಲಿಲ್ಲ. "ಕ್ಷಯದ ಮಾತ್ರೆ ಕೊಡ್ತಾ ತಿಂಗಳುಗಟ್ಟಲೆ ಕಳೀತಿದ್ವಿ. ಆ ಕಾಲ ಕೈಯಲ್ಲಿ ಉಳೀತು. ಅಷ್ಟು ಮಾತ್ರ ಹೇಳಬಲ್ಲೆ," ಎಂದರು. ಮನೆಗೆ ಬಂದು ತಂಗಿ ಲೋಟದ ಕೆಂಪು ದಾರದ ಗಂಟು ಬಿಚ್ಚಲು ನೋಡಿದಳು. ಅವಳು ಹಾಕಿದ ಗಂಟು ಅವಳಿಗೇ ಬಿಚ್ಚಲಾಗಲಿಲ್ಲ. ಹಲ್ಲಿನಿಂದ 
ಕಡಿದು ತೆಗೆದು, ದಾರವನ್ನು ಎಸೆಯದೆ ಡಬ್ಬಿಗೇ ಹಾಕಿದಳು.

ಮದ್ದು ಏರಿಸುವ ಕೋಣೆಯಲ್ಲಿ ಕುರ್ಚಿಗಳು ಉದ್ದಕ್ಕೆ ಸಾಲಾಗಿದ್ದವು. ಮೊದಲ ದಿನವೇ ಅಲ್ಲಿನ ನರ್ಸಮ್ಮ ಹೇಳಿದ್ದಳು, ಈ ಮದ್ದಿಗೆ ಬಾಯೆಲ್ಲ ಹುಣ್ಣಾಗುತ್ತದೆ, ಮದ್ದು ಏರುವಾಗ ಬಾಯಲ್ಲಿ ಮಂಜುಗಡ್ಡೆಯ ಚೂರು ಇಟ್ಟುಕೊಂಡು ಚೀಪುತ್ತಿದ್ದರೆ ಹುಣ್ಣು ಕಡಿಮೆ, ಎಲ್ಲಾದರೂ ಸಿಗುತ್ತದಾ ನೋಡಿ ಎಂದು. ಐಸಣ್ಣ ಆಗ ತಲೆ ತಗ್ಗಿಸಿದ್ದ. ತಂಗಿಯೇ ನರ್ಸಮ್ಮನಿಗೆ, "ಸಿಗುತ್ತೆ ಬಿಡಿ," ಎಂದಿದ್ದಳು.

ಅವನು ನೀರನ್ನು ಕುದಿಸಿ ಆರಿಸಿ ಸೋಸಿದ. ಚಿಕ್ಕದೊಂದು ಅಚ್ಚನ್ನು ಉಜ್ಜಿ ತೊಳೆದು ತೊಟ್ಟಿಯ ಮೂಲೆಯಲ್ಲಿ ಬೇರೆಯಾಗಿ ಇಳಿಬಿಟ್ಟ. ಅವಸರ ಮಾಡಲಿಲ್ಲ. ಹೊರಗೆ ತೆಗೆದಾಗ ಗೆಣ್ಣಿನಿಂದ ತಟ್ಟಿ ನೋಡಿದ. ನಡುವಿನ ತನಕ ಗಟ್ಟಿ, ಗಾಜಿನ ಹಾಗೆ ತಿಳಿ. ಅದನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಮೆಲ್ಲಗೆ ಒಡೆದು, ಚೂಪು ಅಂಚು ಬಾಯಿಗೆ ತಾಗದಂತೆ ಚೂರುಗಳನ್ನು ನೀರಲ್ಲಿ ಅದ್ದಿ ಅದ್ದಿ ದುಂಡಗೆ ಮಾಡಿದ.

ಮದ್ದು ಏರತೊಡಗಿದಾಗ ಪೆಟ್ಟಿಗೆ ತೆರೆದು ಒಂದು ಚೂರನ್ನು ಚಮಚದಲ್ಲಿ ಎತ್ತಿ ಹಿಡಿದ. ತಂಗಿ ಕುರ್ಚಿಗೆ ಒರಗಿದ್ದವಳು ಚೂರನ್ನೂ ಅಣ್ಣನನ್ನೂ ನೋಡಿದಳು. ಕೂದಲು ಆಗಲೇ ತೆಳುವಾಗಿತ್ತು. ಕಣ್ಣು ಮಾತ್ರ ಓರೆಯಾಗಿ, ಮೊದಲಿನ ಹಾಗೇ.

"ಉಪ್ಪು ಹಾಕಿಲ್ಲ ತಾನೆ?"

"ಇಲ್ಲ ಕಣೇ."

"ನನ್ನ ಆಣೆ?"

"ನಿನ್ನ ಆಣೆ."

ಅವಳು ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಬಾಯಿ ಅಗಲಿಸಿದಳು. ಐಸಣ್ಣ ಚಮಚ ಹಿಡಿದುಕೊಂಡೇ ನಿಂತ. ಓಣಿಯ ಆ ಕಲ್ಲಿನಿಂದ ಈ ಕುರ್ಚಿಯವರೆಗೆ ಎಷ್ಟು ಕಾಲ ಹೋಗಿತ್ತೋ. ಕೆಲವು ಹಲ್ಲು ಉದುರಿದ್ದವು, ಇನ್ನು ಬರುವಂಥವಲ್ಲ. ಅವ್ವನಿಗೆ ಅಷ್ಟು ದೂರದಿಂದ ಕಾಣದೆ ಹೋದದ್ದೆಲ್ಲ ಅವನಿಗೆ ಈಗ ಹತ್ತಿರದಿಂದ ಕಾಣುತ್ತಿತ್ತು. ಅವನು ಆತುರಪಡದೆ ನೋಡಿದ.

"ಏನೋ ನೋಡ್ತಾ ಇದ್ದೀಯ? ಹಾಕು, ಕರಗುತ್ತೆ," ಎಂದಳು ಅವಳು ಕಣ್ಣು ತೆರೆಯದೆ.

ಅವನು ಚೂರನ್ನು ಅವಳ ನಾಲಿಗೆಯ ಮೇಲೆ ಇಟ್ಟ.